ಮೂಗ ತಿಂದ ಬೆಲ್ಲ

ನೀನು ಮೂಗ. ಗೊತ್ತು ನನಗೆ.
ಗಾಜಿನ ತಟ್ಟೆಯಲ್ಲಿ ಅಂಚೆಚೀಟಿಯಷ್ಟು ಅಗಲದ ಲೋಳೆ,
ಕಣ್ಣಿಲ್ಲ, ಕಿವಿಯಿಲ್ಲ, ಹೆಸರಿನ ಜಾಗದಲ್ಲಿ ಒಂದು ನಂಬರು.
ಒಂದು ಹನಿ ಸಕ್ಕರೆ ನೀರು ಬಿಟ್ಟಿದ್ದೇನೆ.
ಹೇಳು, ಸಿಹಿಯೇ?

ಬಾಯಲ್ಲಿ ಬೇಡ. ಉಬ್ಬಿ ಹೇಳು.
ಹೆಣೆದ ಎಳೆ ಸಡಿಲಾಗಲಿ,
ಸಂದಿಯಲ್ಲಿ ಸಿಕ್ಕಿಬಿದ್ದ ಇನ್ಸುಲಿನ್
ಒಂದೊಂದೇ ಕಣ ನುಸುಳಿ ಬರಲಿ.
ಸಿಹಿ ತಗ್ಗಿತೋ, ಬಿಗಿದುಕೋ.
ನಿನ್ನ ಪಾಠ ಎರಡೇ ಮಾತು:
ತೆರೆ,
ಮುಚ್ಚು.

ನಮ್ಮಪ್ಪ ಬಾಂಟಿನೆ ಕಾಬ್ರಾಸಿನ ಉಪ್ಪುಕೆರೆಯಲ್ಲಿ ಮೀನು ಕಾಯುತ್ತಿದ್ದ.
ಜೊಂಡಿನ ಬೇಲಿ, ಬೇಲಿಯಲ್ಲೊಂದು ಕಿಂಡಿ.
ಮರಿ ಹೋಗಬೇಕು, ಮೊಟ್ಟೆ ತುಂಬಿದ್ದು ನಿಲ್ಲಬೇಕು.
ಅವನು ದಂಡೆಯಲ್ಲಿ ಟೋಪಿ ಮುಖಕ್ಕೆಳೆದು ಮಲಗಿಬಿಡುತ್ತಿದ್ದ.
"ಲೆಕ್ಕ ಕಿಂಡಿಗೆ ಗೊತ್ತಿರಬೇಕು ಮಗಳೇ,
ಕಾಯುವವನಿಗಲ್ಲ."

ಆ ಬೇಸಿಗೆ ನನಗೆ ಏಳು.
ಹೂಜಿ ಬರಿದು ಮಾಡಿ ಇನ್ನೊಂದು ಹೂಜಿ ಕೇಳಿದೆ.
ಚಪ್ಪಲಿ ದೊಡ್ಡದಾಯಿತು, ಲಂಗ ಜಾರಿತು.
ಈ ದ್ವೀಪದ ರಕ್ತದಲ್ಲೇ ಇದು ಹೆಚ್ಚು ಎಂದರು ಡಾಕ್ಟರು,
ಏನೋ ಫಸಲಿನ ಮಾತಾಡುವಂತೆ.
ನಮ್ಮ ತರಗತಿಯಲ್ಲೇ ಇನ್ನಿಬ್ಬರಿದ್ದರು;
ಸೂಜಿ ಚುಚ್ಚುವುದರಲ್ಲಿ ಪಂದ್ಯ ಕಟ್ಟುತ್ತಿದ್ದೆವು,
ಅತ್ತವರು ಮಿಠಾಯಿ ಕೊಡಬೇಕು.
ಮಿಠಾಯಿ ಯಾರೂ ತಿನ್ನುವಂತಿರಲಿಲ್ಲ.

ರಾತ್ರಿ ಮೂರಕ್ಕೆ ಅಮ್ಮ ಅನ್ನಿಕಾ ಟಾರ್ಚು ಹಿಡಿದು ಬರುತ್ತಿದ್ದಳು.
ನಿದ್ದೆಯಲ್ಲೇ ಬೆರಳು ಚಾಚುತ್ತಿದ್ದೆ,
ನಿನ್ನೆಯದಲ್ಲದ ಬೆರಳು.
ದಿಂಬಿನ ಮೇಲೆ ಸಾಸಿವೆಯಷ್ಟು ಕೆಂಪು.
ಒಂದೊಂದು ದಿನ ಮೈ ಬೆವೆತು ಹಲ್ಲು ಕಚ್ಚಿರುತ್ತಿದ್ದೆ.
ಬೆರಳಿಗೆ ಜೇನು ಸವರಿಕೊಂಡು
ಕೆನ್ನೆಯ ಒಳಗೆ ತಿಕ್ಕಿ ತಿಕ್ಕಿ ಅವಳು ನನ್ನನ್ನು ವಾಪಸು ಕರೆಯುತ್ತಿದ್ದಳು.
ಮನೆಯಲ್ಲಿದ್ದದ್ದು ಬೆಟ್ಟದ ಜೇನು, ಚಳಿಗಾಲದ ಹೂವಿನದು,
ಬೇವಿನಂಥ ಕಹಿ.
ಈಗಲೂ ಬದುಕಿದ್ದೇನೆ ಅನ್ನಿಸಿದರೆ
ನನ್ನ ಬಾಯಿ ಕಹಿಯಾಗುತ್ತದೆ.

ಅದನ್ನೇ ನಿನಗೆ ಕೊಟ್ಟೆ ಒಂದು ಸಂಜೆ,
ಲ್ಯಾಬಿನಲ್ಲಿ ಯಾರೂ ಇಲ್ಲದಾಗ, ನೀರಲ್ಲಿ ಕದಡಿ.
ನಾಲಗೆ ಇಲ್ಲದವನು ನೀನು,
ಕಹಿಗೆ ಮೋಸ ಹೋಗಲಿಲ್ಲ.
ನಿಧಾನಕ್ಕೆ ಉಬ್ಬಿದೆ.
ಸ್ಟೂಲಿನ ಮೇಲೆ ಕೂತು ನಾನು
ಕಾರಣವಿಲ್ಲದೆ ಅತ್ತೆ. ಪಂದ್ಯ ಸೋತೆ.

ಆದರೆ ಹಿಗ್ಗಬೇಡ.
ಮೈಯೊಳಗಿನ ಊಟ ನಿನಗಾಗಿ ಕಾಯುವುದಿಲ್ಲ,
ನೀನು ನಲವತ್ತು ನಿಮಿಷ ತಡ.
ಒಂಬತ್ತನೆಯ ದಿನ ಮುಚ್ಚುವುದನ್ನೇ ಮರೆತೆ;
ಅತಿಯಾದರೆ ಅಮೃತವೂ ವಿಷ, ನೆನಪಿರಲಿ,
ಹದಿನಾಲ್ಕನೆಯ ಇಲಿ ಮಗ್ಗುಲಾಗಿ ಬಿತ್ತು.
ಗ್ರಾತ್ಸಿಯಾನೊ ಪುಸ್ತಕದಲ್ಲಿ ಹೊತ್ತು ಬರೆಯುತ್ತಿದ್ದ.
ನಾನು ಬೆರಳಿಗೆ ಗ್ಲೂಕೋಸು ಸವರಿ
ಆ ಪುಟ್ಟ ಒಸಡಿಗೆ ತಿಕ್ಕಿದೆ, ತಿಕ್ಕಿದೆ.
"ಪ್ರಯೋಗ ಕೆಟ್ಟಿತು," ಅಂದ.
ಕೆಡಲಿ.
ಇಲಿ ಕಣ್ಣು ಬಿಟ್ಟಿತು.

ಇವತ್ತು ಹೊಸ ಎಳೆ, ಹೊಸ ನಂಬರು.
ಕಾಲ್ಯಾರಿಯ ಬಂದರಿನಲ್ಲಿ ಕೊನೆಯ ಹಡಗಿನ ದೀಪವೂ ಆರಿದೆ.
ನನ್ನ ತೋಳಿನ ಮೇಲೊಂದು ಬಿಲ್ಲೆ ಐದೈದು ನಿಮಿಷಕ್ಕೆ ಲೆಕ್ಕ ಒಪ್ಪಿಸುತ್ತದೆ,
ಸೊಂಟದ ಪಂಪು ಗೊಣಗುತ್ತದೆ,
ಇವಕ್ಕೆಲ್ಲ ಬ್ಯಾಟರಿ ಬೇಕು, ನಿನಗೆ ಬೇಡ;
ಅದಕ್ಕೇ ನಿನ್ನ ಹಿಂದೆ ಬಿದ್ದಿದ್ದೇನೆ.

ಮೂರು ಗಂಟೆ. ಫೋನು.
ಅಮ್ಮನಿಗೆ ಎಪ್ಪತ್ತಾರು, ಬಿಲ್ಲೆಯನ್ನು ನಂಬುವುದಿಲ್ಲ.
"ಎಷ್ಟಿದೆ?"
"ನೂರ ಹನ್ನೆರಡು."
"ನಿನ್ನದೋ, ಇಲಿಯದೋ?"

ತಟ್ಟೆಯ ಕಡೆ ನೋಡುತ್ತೇನೆ.
ಅಪ್ಪನ ಹಾಗೆ ಇವಳೂ ಒಂದು ದಿನ
ದಂಡೆಯಲ್ಲಿ ಮುಖ ಮುಚ್ಚಿ ಮಲಗಬೇಕು.
ಬೇಗ ಕಲಿ, ಮೂಗಪ್ಪಾ.